ಪದಚರ್ಚೆ: ‘ಬಿಳಿಮೀನು’ ಅಂದರೆ ಈಗ ಯಾವ ಮೀನು?

ಗೆಳೆಯರೆ,

ಹೊಗೆನಕಲ್ಲಿನಿಂದ ಮೇಲಕ್ಕೆ, ಅಂಚೆಟ್ಟಿ–ಉರಿಗಂ ಕಾಡಂಚಿನ ಕಾವೇರಿಯ ಜೀವಿಗಳ ಬಗ್ಗೆ ನಮ್ಮ ಹೊಸೂರು ಕಡೆ ಕನ್ನಡ ಓದುವ ಮಕ್ಕಳಿಗೊಂದು ಬರಹ ಮಾಡುತ್ತಿದ್ದೇನೆ. 2022ರಲ್ಲಿ ತಮಿಳುನಾಡು ಸರ್ಕಾರ ಕಾವೇರಿ ದಕ್ಷಿಣ ವನ್ಯಧಾಮ ಅಂತ ಘೋಷಿಸಿದ್ದು ಈ ಸೀಮೆಯನ್ನೇ. ಮೊಸಳೆ, ನೀರುನಾಯಿ, ಆಮೆಯ ಭಾಗಗಳನ್ನು ಸಲೀಸಾಗಿ ಬರೆದು ಮುಗಿಸಿದೆ. ಬಿಳಿಮೀನಿನ ಹತ್ತಿರ ಬಂದು ನಿಂತಿದ್ದೇನೆ.

ಕಾವೇರಿ ದಡದ ಕನ್ನಡದಲ್ಲಿ ಮಹಶೀರ್ ಎಂಬ ದೊಡ್ಡ ಹೊಳೆಮೀನಿಗೆ ಬಿಳಿಮೀನು ಅನ್ನುತ್ತಾರೆ, ಸರಿ. ಆದರೆ ಇವತ್ತು ಆ ಹೆಸರಿನಡಿ ಎರಡು ಮೀನಿವೆ. ಒಂದು ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ತಲೆ ಮುಗಿದಲ್ಲೇ ಬೆನ್ನು ಗೂನಾಗಿ ಏಳುತ್ತದೆ, ರೆಕ್ಕೆ ಕಿತ್ತಳೆಗೆಂಪು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ 120 ಪೌಂಡಿನದು ಇದೇ ಜಾತಿ. ಇಷ್ಟು ದೊಡ್ಡ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ಹೆಸರು ಗಟ್ಟಿಯಾದದ್ದು 2018ರಲ್ಲಿ! ಅಳಿವಿನಂಚಿನ ಜೀವಿಗಳ ಲೆಕ್ಕವಿಡುವ ಜಾಗತಿಕ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅದು ಅಳಿವಿನ ಕಟ್ಟಕಡೆಯ ಅಂಚಿನಲ್ಲಿದೆ.

ಇನ್ನೊಂದು ನೀಲಿರೆಕ್ಕೆಯದು, ಮೂಲತಃ ಕೃಷ್ಣಾ ಕೊಳ್ಳದ್ದು. ಮಹಾರಾಷ್ಟ್ರದ ಲೋಣಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು 1970ರ ದಶಕದಿಂದೀಚೆಗೆ ಕಾವೇರಿಗೆ ಬಿಟ್ಟರು, ಮಹಶೀರ್ ಉಳಿಸುವ ಒಳ್ಳೇ ಉದ್ದೇಶದಿಂದಲೇ. ಅದು ಹಬ್ಬಿತು, ಗೂನುಬೆನ್ನಿನದು ಹಿಂದೆ ಸರಿಯಿತು. ತೋಟೆ ಸಿಡಿಸಿ ಮೀನು ಹಿಡಿಯುವವರು, ಮರಳು ಬಗೆಯುವವರು, ಅಡ್ಡಕಟ್ಟೆಗಳು ಮಾಡಿದ ಹಾನಿ ಬೇರೆ.

ತಿಲಾಪಿಯಾ ಎಂಬ ಹೊರನಾಡಿನ ಮೀನು ಬಂದಾಗ ಜನ ಅದನ್ನು ‘ಜಿಲೇಬಿ’ ಅಂತ ಕರೆದು ಬೇರೆ ಇಟ್ಟರು. ಹೊಗೆನಕಲ್ಲಿನ ಮೀನು ಹುರಿಯುವ ಅಂಗಡಿಯಲ್ಲಿ ಈಗಲೂ ಜಿಲೇಬಿ ಕೇಳಿದರೆ ಮೀನೇ ಕೊಡುತ್ತಾರೆ. ಈ ನೀಲಿರೆಕ್ಕೆಯದಕ್ಕೆ ಹಾಗಾಗಲಿಲ್ಲ, ಬಂದದ್ದೇ ಹಳೇ ಮನೆಯ ಹೆಸರು ಹಾಕಿಕೊಂಡಿತು. ಹಾಗಾಗಿ ‘ಬಿಳಿಮೀನು ಬೇಕಾದಷ್ಟಿದೆ’ ಅಂದರೆ ಅದು ನಿಜವೂ ಹೌದು, ದಾರಿ ತಪ್ಪಿಸುವ ಮಾತೂ ಹೌದು.

ಕಾವೇರಿಯದೇ ಆದ ಮೊದಲನೆಯದಕ್ಕೆ ‘ಗೂನುಬೆನ್ನಿನ ಮಹಶೀರ್’ ಅಂತ ಬರೆಯಬಹುದು, ಆದರೆ ಅದು ಇಂಗ್ಲಿಷ್ ಹೆಸರಿಗೆ ಹೊಲಿಸಿದ ಅಂಗಿ. ‘ಕೆಂಪುರೆಕ್ಕೆ ಬಿಳಿಮೀನು’ ಅಂದರೆ ಮಕ್ಕಳು ನಗುತ್ತಾರೆ (ನಗಲಿ, ನೆನಪಿರುತ್ತದೆ). ಸದ್ಯಕ್ಕೆ ನನ್ನ ಒಲವು ಇದರ ಕಡೆಗೇ.

ಉರಿಗಂ, ಸಂಗಮ, ಮುತ್ತತ್ತಿ, ಶಿವನಸಮುದ್ರದ ಕಡೆಯವರು ಹೇಳಿ: ಬಲೆ ಬೀಸುವವರು, ಹರಿಗೋಲು ಹಾಕುವ ಹಿರಿಯರು ಇವೆರಡನ್ನೂ ಬೇರೆಬೇರೆ ಹೆಸರಿನಿಂದ ಕರೆಯುತ್ತಾರೆಯೆ? ಗೂನಿಗೋ ರೆಕ್ಕೆಯ ಬಣ್ಣಕ್ಕೋ ಅಂಟಿದ ಮಾತೇನಾದರೂ ಇದೆಯೆ? ಯಾವ ಊರಿನ ಬಳಕೆ ಅನ್ನುವುದನ್ನೂ ಜೊತೆಗೆ ಬರೆಯಿರಿ.