ಜೂನ್ ಕೊನೆಯಲ್ಲಿ ಥಾಯ್ಲೆಂಡ್: ಗುರುತಿಲ್ಲದ ಹಣ್ಣನ್ನು ಆರಿಸುವುದು ಹೇಗೆ?

ತಿಕೋಟಾ ದ್ರಾಕ್ಷಿಯವ (ವಿಜಯಪುರ ಜಿಲ್ಲೆ) ಕೇಳಿದ್ದು:

ಎಲ್ಲರಿಗೂ ಶರಣು. ತಿಕೋಟಾ ಭಾಗದಲ್ಲಿ ನಮ್ಮದು 4 ಎಕರೆ ದ್ರಾಕ್ಷಿ ತೋಟ. ಏಪ್ರಿಲ್ ಚಾಟ್ನಿಯ (ಬಳ್ಳಿ ಸವರುವಿಕೆಯ) ಮುಖ್ಯ ಕೆಲಸಗಳು ಮುಗಿದು ಕೈ ತುಸು ಬಿಡುವಾಗುವ ಜೂನ್ ಕೊನೆಯ ವಾರದಲ್ಲಿ ನಾನು, ನನ್ನ ಹೆಂಡತಿ, 10 ವರ್ಷದ ಮಗಳು ಹಾಗೂ 68 ವರ್ಷದ ನಮ್ಮ ತಂದೆಯವರು 6 ದಿನಗಳ ಮಟ್ಟಿಗೆ ಥಾಯ್ಲೆಂಡಿಗೆ ಹೊರಟಿದ್ದೇವೆ. ಗುಡಿ, ಸಮುದ್ರ, ದೋಣಿ ಇವುಗಳ ಬಗ್ಗೆ ಟ್ರಾವೆಲ್ಸಿನವರು ಬೇಕಾದಷ್ಟು ಹೇಳಿದ್ದಾರೆ. ನಾನು ಕೇಳಬೇಕೆಂದಿರುವುದು ಅಲ್ಲಿಯ ಹಣ್ಣುಗಳ ವಿಷಯ. ನಾವು ಶುದ್ಧ ಸಸ್ಯಾಹಾರಿಗಳಾದ್ದರಿಂದ ಅರ್ಧ ಹೊಟ್ಟೆಯನ್ನು ಹಣ್ಣೇ ತುಂಬಬೇಕಾದೀತು ಎಂಬ ಅಂದಾಜೂ ಇದೆ.

ನಮ್ಮ ತೋಟಕ್ಕೆ ಬಂದವರು ದ್ರಾಕ್ಷಿ ಸಿಹಿಯಾಗಿದೆಯೇ ಎಂದು ಕೇಳಿದರೆ ನಾನು ಗೊನೆಯ ತುದಿಯ ಕಾಳನ್ನು ಕಿತ್ತು ಅವರ ಕೈಗಿಡುತ್ತೇನೆ. ಮೇಲಿನ ಕಾಳುಗಳು ಮೊದಲು ಹಣ್ಣಾಗುತ್ತವೆ, ತುದಿಯದು ಕೊನೆಗೆ. ತುದಿ ಸಿಹಿಯಾಗಿದ್ದರೆ ಗೊನೆಯೆಲ್ಲ ಸಿಹಿ ಎಂದೇ ಅರ್ಥ. (ಸಂತೆಯಲ್ಲಿ ಮಾರುವವರು ಮೇಲಿನ ಕಾಳನ್ನೇ ಕಿತ್ತುಕೊಡುವುದೇಕೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಇಂಥ ಗುರುತುಗಳು ದಪ್ಪ ನೇರಳೆ ಸಿಪ್ಪೆಯ ಮ್ಯಾಂಗೋಸ್ಟೀನ್, ಮೈತುಂಬ ಕೂದಲಿನ ರಾಂಬುಟಾನ್, ಮುಳ್ಳುಸಿಪ್ಪೆಯ ಡೂರಿಯನ್ ಹಣ್ಣುಗಳಿಗೂ ಇರಬೇಕಲ್ಲವೇ? ಹೋದ ವರ್ಷ ಬಂಧುಗಳ ಮದುವೆಗೆಂದು ಪುಣೆಗೆ ಹೋದಾಗ ದೊಡ್ಡ ಅಂಗಡಿಯೊಂದರಲ್ಲಿ 4 ಮ್ಯಾಂಗೋಸ್ಟೀನ್ ಕೊಂಡು ತಂದಿದ್ದೆ. ಅವುಗಳಲ್ಲಿ 3 ಹಣ್ಣುಗಳು ಕಲ್ಲಿನಂತಾಗಿದ್ದವು. ತಂದೆಯವರ ಎಲೆ-ಅಡಿಕೆಯ ಕುಟ್ಟಾಣಿಯಿಂದ ಕುಟ್ಟಿ ಒಡೆದರೆ ಒಳಗೆ ಕಂದುಬಣ್ಣಕ್ಕೆ ತಿರುಗಿದ, ಕಹಿಯಾದ ತಿರುಳು. ನಾಲ್ಕನೆಯದು ಮಾತ್ರ ಚೆನ್ನಾಗಿತ್ತು, ಅದನ್ನು ಮಗಳು ಒಬ್ಬಳೇ ತಿಂದು ಮುಗಿಸಿದಳು. ಅಂದಿನಿಂದ ಅವಳ ಬಾಯಲ್ಲಿ ಅದೇ ಮಾತು.

ಇನ್ನೊಂದು ವಿಷಯ: ತಂದೆಯವರಿಗೆ ಮೂತ್ರಪಿಂಡದ ತೊಂದರೆಯಿಂದ ರಕ್ತದಲ್ಲಿ ಕ್ರಿಯಾಟಿನಿನ್ ಏರಿದೆ, ಔಷಧಿ ನಡೆದಿದೆ. ಅವರು ದೂರವಿಡಬೇಕಾದ ಹಣ್ಣು ಯಾವುದಾದರೂ ಇದ್ದರೆ ತಿಳಿಸಿ.

ಕೋಟೆಕೆರೆ (ಬೆಳಗಾವಿ) ಅವರ ಉತ್ತರ:

ಅಣ್ಣಾವರೇ, ನನ್ನ ಯಜಮಾನರ ಕೆಲಸದ ನಿಮಿತ್ತ ಮೂರು ವರ್ಷ ಬ್ಯಾಂಕಾಕಿನಲ್ಲಿದ್ದೆವು. ನೀವು ಆರಿಸಿಕೊಂಡಿರುವ ವಾರ ಚೆನ್ನಾಗಿದೆ. ಆ ದೇಶದ ಪೂರ್ವ ಭಾಗದ ಚಂತಾಬುರಿ, ರಯೋಂಗ್ ಪ್ರಾಂತಗಳಲ್ಲಿ ಮೇ ಮತ್ತು ಜೂನ್ ಹಣ್ಣಿನ ಸುಗ್ಗಿ. ಅಲ್ಲಿ ಮುಗಿಯುತ್ತ ಬಂದಂತೆ ದಕ್ಷಿಣದ ಪ್ರಾಂತಗಳ ಹಣ್ಣು ಪೇಟೆಗೆ ಇಳಿಯತೊಡಗುತ್ತದೆ. ರಯೋಂಗ್ ಕಡೆಯ ಕೆಲವು ತೋಟಗಳಲ್ಲಿ ಪ್ರವೇಶಶುಲ್ಕ ಕೊಟ್ಟರೆ ಅಲ್ಲಿಯೇ ಕುಳಿತು ಹೊಟ್ಟೆ ತುಂಬುವಷ್ಟು ತಿನ್ನಬಹುದು. ಆದರೆ ಜೂನ್ ಕೊನೆ ಎಂದರೆ ಅಲ್ಲಿ ಸುಗ್ಗಿಯ ಬಾಲ, ಆದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ತಂದೆಯವರನ್ನು ಅಷ್ಟು ದೂರ ಕರೆದೊಯ್ಯುವುದು ಕಷ್ಟವೆನಿಸಿದರೆ ಬ್ಯಾಂಕಾಕಿನ ಒರ್ ತೋರ್ ಕೊರ್ ಮಾರುಕಟ್ಟೆಯೇ ಸಾಕು. ಮೆಟ್ರೋದಲ್ಲಿ ಕಾಂಫೇಂಗ್ ಫೆಟ್ ನಿಲ್ದಾಣಕ್ಕೆ ಇಳಿದರೆ ಪಕ್ಕದಲ್ಲೇ ಇದೆ. ದರ ಹೆಚ್ಚು, ಚೌಕಾಸಿ ನಡೆಯುವುದಿಲ್ಲ. ಆದರೆ ಆರಿಸಿಟ್ಟ ಹಣ್ಣು, ನೆಲವೂ ಸ್ವಚ್ಛ.

ಮ್ಯಾಂಗೋಸ್ಟೀನಿನ ಗುರುತು ಹೇಳುತ್ತೇನೆ. ಹಣ್ಣನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಿಪ್ಪೆ ತುಸು ಬಾಗಬೇಕು. ಮೇಲಿನ ತೊಟ್ಟು ಮತ್ತು ಅದರ ಸುತ್ತಲಿನ ದಳಗಳು ಹಸಿರಾಗಿರಬೇಕು. ಸಿಪ್ಪೆಯ ಮೇಲೆ ಹಳದಿ ಅಂಟು ಒಸರಿ ಒಣಗಿದ್ದರೆ ಅಂಥದ್ದನ್ನು ಪಕ್ಕಕ್ಕಿಡಿ, ಆ ಅಂಟು ಒಳಗಿನ ಎಸಳಿಗೂ ಇಳಿದಿದ್ದರೆ ಕಹಿಯಾಗುತ್ತದೆ. ಇನ್ನು ತಳವನ್ನು ತಿರುಗಿಸಿ ನೋಡಿದರೆ ಅಲ್ಲಿ ಹೂವಿನ ಅಚ್ಚಿನಂಥ ಒಂದು ಸಣ್ಣ ಗುರುತು ಕಾಣುತ್ತದೆ. ಅದರಲ್ಲಿ ಎಷ್ಟು ದಳಗಳಿವೆಯೋ ಒಳಗೆ ಅಷ್ಟೇ ಎಸಳುಗಳಿರುತ್ತವೆ. ಮಗಳಿಗೆ ಎಣಿಸಲು ಹೇಳಿ, ಆಮೇಲೆ ಒಡೆಯಿರಿ. ಒಡೆಯಲು ಚಾಕು ಬೇಡ. ಎರಡೂ ಅಂಗೈಗಳ ನಡುವೆ ಹಿಡಿದು ಅದುಮಿ ತಿರುಚಿದರೆ ದಪ್ಪ ಸಿಪ್ಪೆ ಟೋಪಿಯಂತೆ ಕಳಚಿ, ಬಿಡಿಸಿದ ಬೆಳ್ಳುಳ್ಳಿಯಂಥ ಬಿಳಿ ಎಸಳುಗಳು ಕಾಣುತ್ತವೆ. ಸಣ್ಣ ಎಸಳುಗಳಲ್ಲಿ ಸಾಮಾನ್ಯವಾಗಿ ಬೀಜವಿರುವುದಿಲ್ಲ, ದೊಡ್ಡದೊಂದರಲ್ಲಿ ಇರುತ್ತದೆ. ಸಿಪ್ಪೆಯ ನೇರಳೆ ರಸ ಬಟ್ಟೆಗೆ ತಾಗಿದರೆ ಹೋಗುವುದಿಲ್ಲವಾದ್ದರಿಂದ ತಂದೆಯವರು ಬಿಳಿ ಧೋತರ ಉಟ್ಟಿದ್ದರೆ ಅವರಿಗೆ ಬಿಡಿಸಿದ ಎಸಳನ್ನೇ ಕೊಡಿ. ಕಲೆಯ ಕಾಟಕ್ಕಾಗಿ ಈ ಹಣ್ಣನ್ನು ಒಳಗೆ ತರಬೇಡಿ ಎಂದು ಫಲಕ ಹಾಕಿದ ಹೋಟೆಲುಗಳೂ ಇವೆ.

ಸಸ್ಯಾಹಾರಿಗಳಾದ ನಿಮಗೆ ಮುಖ್ಯವಾದ ಮಾತೊಂದಿದೆ. ಹೆಚ್ಚಿದ ಪೇರಲ, ಹುಳಿಮಾವು ಕೊಂಡರೆ ಉಪ್ಪು, ಸಕ್ಕರೆ, ಖಾರ ಬೆರೆಸಿದ ಪುಡಿಯ ಪೊಟ್ಟಣ ಕೊಡುತ್ತಾರೆ. ಅದು ನಮ್ಮ ಶಾಲೆಗಳ ಮುಂದಿನ ಖಾರ-ಉಪ್ಪಿನ ನೆಂಟ, ನಿಶ್ಚಿಂತೆಯಿಂದ ತಿನ್ನಿ. ಆದರೆ ಹುಳಿಮಾವಿನ ಜೊತೆ ಕಾಕಂಬಿಯಂಥ ಕಂದುಬಣ್ಣದ ಗಟ್ಟಿ ಪಾಕವೊಂದನ್ನೂ ಕೊಡುವುದುಂಟು. ಬೆಲ್ಲದ ಪಾಕವೆಂದು ನಾನೂ ಮೊದಲ ವಾರದಲ್ಲೇ ಬೆರಳಿನಿಂದ ನೆಕ್ಕಿಬಿಟ್ಟಿದ್ದೆ. ಅದರಲ್ಲಿ ಮೀನಿನ ಸಾರವೂ ಒಣ ಸಿಗಡಿಯೂ ಇರುತ್ತವೆ, ಹೆಸರು ನಾಮ್ ಪ್ಲಾ ವಾನ್. ಕಾಯಿ ಪಪ್ಪಾಯಿಯ ಕೋಸಂಬರಿಯಂತೆ ಕಾಣುವ ಸೋಮ್ ತಮ್‌ನಲ್ಲಿಯೂ ಇವೆರಡು ಸಾಮಾನ್ಯವಾಗಿ ಇದ್ದೇ ಇರುತ್ತವೆ.

ಮುಳುಗಡೆ ಊರಿನವ (ಬಾಗಲಕೋಟೆ) ಅವರ ಉತ್ತರ:

ಇಲ್ಲಿಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿದವನಾದ್ದರಿಂದ ಅಕ್ಕಾವರ ಮಾತಿಗೆ ಕಾರಣಗಳನ್ನು ಸೇರಿಸುತ್ತೇನೆ. ದ್ರಾಕ್ಷಿ ಬೆಳೆಯುವವರಿಗೆ ಇದು ಬೇಗ ತಿಳಿಯುತ್ತದೆ.

ಹಣ್ಣುಗಳಲ್ಲಿ ಎರಡು ಜಾತಿ. ಚಿಕ್ಕು, ಬಾಳೆ, ಮಾವು, ಸೀತಾಫಲದಂಥವು ಕಿತ್ತ ಮೇಲೂ ತಮ್ಮೊಳಗೆ ಹುಟ್ಟುವ ಎಥಿಲೀನ್ ಅನಿಲದಿಂದ ಮಾಗುತ್ತವೆ. ದ್ರಾಕ್ಷಿ, ದಾಳಿಂಬೆ, ಲಿಂಬೆಯಂಥವು ಬಳ್ಳಿಯಿಂದಲೋ ಗಿಡದಿಂದಲೋ ಬೇರೆಯಾದ ಕ್ಷಣಕ್ಕೆ ಎಷ್ಟು ಮಾಗಿದ್ದವೋ ಅಷ್ಟೇ. ಆಮೇಲೆ ಒಣಗಬಹುದು, ಕೊಳೆಯಬಹುದು, ಸಿಹಿಯಾಗಲಾರವು. ರಾಂಬುಟಾನ್, ಅನಾನಸು, ಹಾವಿನ ಪೊರೆಯಂಥ ಸಿಪ್ಪೆಯ ಸಲಾಕ್ ನಿಮ್ಮ ದ್ರಾಕ್ಷಿಯ ಪಂಕ್ತಿಗೆ ಸೇರಿದವು. ಆದ್ದರಿಂದ ರಾಂಬುಟಾನನ್ನು ‘ನಾಳೆ ಹಣ್ಣಾದೀತು’ ಎಂದು ಕೊಳ್ಳಬಾರದು. ಅದರ ಮೈಮೇಲಿನ ಕೂದಲಿನ ತುದಿ ಹಸಿರಾಗಿ, ಬಿರುಸಾಗಿ ನಿಂತಿದ್ದರೆ ಹೊಸ ಹಣ್ಣು. ಕಪ್ಪಾಗಿ ಜೋತುಬಿದ್ದಿದ್ದರೆ ಕಿತ್ತು ಕೆಲವು ದಿನಗಳಾಗಿವೆ. ಡೂರಿಯನ್ ಮತ್ತು ಮ್ಯಾಂಗೋಸ್ಟೀನ್ ಚಿಕ್ಕುವಿನ ಪಂಕ್ತಿಯವು, ಕಿತ್ತ ಮೇಲೂ ಮಾಗುತ್ತವೆ. ಹಾಗಾಗಿ ಅವುಗಳನ್ನು ಕೊಳ್ಳುವಾಗ ಇಂದು ತಿನ್ನುವಿರೋ ನಾಳೆಯೋ ಎಂಬುದನ್ನು ಮಾರುವವರಿಗೆ ಹೇಳಬೇಕು.

ಪುಣೆಯ ಮ್ಯಾಂಗೋಸ್ಟೀನ್ ಕಲ್ಲಾಗಿದ್ದಕ್ಕೆ ಎರಡು ಕಾರಣಗಳಿರಬಹುದು. ಒಂದು, ಹಳತಾಗಿರುವುದು. ಇನ್ನೊಂದು, ಪೆಟ್ಟು. ಆ ಹಣ್ಣು ಗೇಣೆತ್ತರದಿಂದ ಬಿದ್ದರೂ ಪೆಟ್ಟಾದ ಜಾಗದಲ್ಲಿ ಸಿಪ್ಪೆ ಕೆಲವೇ ಗಂಟೆಗಳಲ್ಲಿ ಗಡುಸಾಗುತ್ತದೆ. ಕ್ರೇಟು ಎತ್ತಿ ಇಳಿಸುವ ನಾಲ್ಕು ಕೈಗಳಲ್ಲಿ ಒಂದು ಒರಟಾಗಿದ್ದರೂ ಸಾಕು. ಇದು ನಮ್ಮ ಆಮಸೂಲದ, ಎಂದರೆ ಮುರುಗಲ ಹಣ್ಣಿನ, ಕುಲಕ್ಕೇ ಸೇರಿದ್ದು. ಎರಡೂ ಗಾರ್ಸೀನಿಯಾ ಎಂಬ ಒಂದೇ ಕುಲದವು. ಎರಡೂ ಕೈಯನ್ನು ಕೆಂಪು ಮಾಡುತ್ತವೆ.

ತಂದೆಯವರ ವಿಷಯಕ್ಕೆ ಬಂದರೆ, ಸ್ಟಾರ್ ಫ್ರೂಟ್ ಎಂದು ಮಾರುವ ಕಮರಾಕ್ಷಿಯನ್ನು ಅವರು ಒಂದು ಹೋಳು ಕೂಡ ತಿನ್ನಬಾರದು, ರಸವನ್ನೂ ಕುಡಿಯಬಾರದು. ಅದರಲ್ಲಿ ಆಕ್ಸಲೇಟ್ ಹೆಚ್ಚಾಗಿದೆ, ಜೊತೆಗೆ ಕ್ಯಾರಂಬಾಕ್ಸಿನ್ ಎಂಬ ನರಗಳಿಗೆ ಹಾನಿ ಮಾಡುವ ವಿಷವಿದೆ. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ತೊಂದರೆಯಿದ್ದವರಲ್ಲಿ ಅದು ದೇಹದಲ್ಲೇ ಉಳಿದು, ನಿಲ್ಲದ ಬಿಕ್ಕಳಿಕೆಯಿಂದ ಆರಂಭವಾಗಿ ಪ್ರಜ್ಞೆ ತಪ್ಪುವವರೆಗೆ, ಕೆಲವರಲ್ಲಿ ಪ್ರಾಣಕ್ಕೇ ಎರವಾಗುವವರೆಗೆ ಹೋಗಿದೆ. ಅಡ್ಡಲಾಗಿ ಹೆಚ್ಚಿದರೆ ನಕ್ಷತ್ರದಂತೆ ಚೆಂದ ಕಾಣುವುದರಿಂದ ಹೋಟೆಲಿನ ಹಣ್ಣಿನ ತಟ್ಟೆಗಳಲ್ಲಿ ಅಲಂಕಾರಕ್ಕೂ ಇಡುತ್ತಾರೆ, ಆದ್ದರಿಂದ ತಟ್ಟೆಯ ಮೇಲೆ ನಿಮ್ಮ ಕಣ್ಣಿರಲಿ. ಡೂರಿಯನ್ನಿನಲ್ಲಿ ಪೊಟ್ಯಾಸಿಯಂ ಬಹಳವಿರುವುದರಿಂದ ಅದನ್ನೂ, ಉಳಿದ ಹಣ್ಣುಗಳ ಪ್ರಮಾಣವನ್ನೂ ಹೊರಡುವ ಮುನ್ನ ಅವರ ವೈದ್ಯರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಬರುವಾಗ ತಾಜಾ ಹಣ್ಣು, ಬೀಜ, ಸಸಿ ಯಾವುದನ್ನೂ ಚೀಲದಲ್ಲಿ ತರಬೇಡಿ. ಸಸ್ಯ ಕ್ವಾರಂಟೈನ್ ಕುರಿತ 2003ರ ಆದೇಶದ ಪ್ರಕಾರ ಅವುಗಳಿಗೆ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೋಟವಿರುವವರಿಗೆ ‘ಒಂದು ಬೀಜ ತಾನೇ’ ಎಂಬ ಆಸೆ ಹೆಚ್ಚು ಎಂದು ಬಲ್ಲೆ. ಹೊಸ ಕೀಟ ಬಂದರೆ ಮೊದಲು ಕೂರುವುದೂ ಅದೇ ತೋಟದಲ್ಲಿ.

ಖಾನಾಪುರದ ಕಾಡಂಚು (ಬೆಳಗಾವಿ ಜಿಲ್ಲೆ) ಅವರ ಉತ್ತರ:

ಟಿಕೆಟ್ ಆಗಿಹೋಗಿದ್ದರೆ ಹೋಗಿ ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಈ ಹಣ್ಣುಗಳಿಗಾಗಿ ಕಡಲು ದಾಟಲೇಬೇಕೆಂದೇನೂ ಇಲ್ಲ. ಮೆಟ್ಟುಪಾಳಯದಿಂದ ಕೂನೂರಿಗೆ ಏರುವ ಘಾಟಿಯ ಕಲ್ಲಾರ್ ಮತ್ತು ಬರ್ಲಿಯಾರ್‌ಗಳಲ್ಲಿ ತಮಿಳುನಾಡು ತೋಟಗಾರಿಕೆ ಇಲಾಖೆಯ ಹಳೆಯ ತೋಟಗಳಿವೆ. ಮ್ಯಾಂಗೋಸ್ಟೀನ್, ಡೂರಿಯನ್, ರಾಂಬುಟಾನ್ ಮೂರೂ ಅಲ್ಲಿ ಬೆಳೆಯುತ್ತವೆ. ದಕ್ಷಿಣ ಕನ್ನಡ, ಕೊಡಗು, ಕೇರಳಗಳಲ್ಲಿ ರಾಂಬುಟಾನ್ ಈಗ ರಸ್ತೆಬದಿಯ ಹಣ್ಣಾಗಿದೆ.

ಡೂರಿಯನ್ ಬಗ್ಗೆ ನನ್ನದು ಒಂದೇ ಮಾತು: ಬೇಡ. ಬರ್ಲಿಯಾರಿನಲ್ಲಿ ಒಂದು ತೊಳೆ ತಿಂದೆ, ಕೊಳೆತ ಉಳ್ಳಾಗಡ್ಡಿಯ ರಾಶಿಯಲ್ಲಿ ಯಾರೋ ಇಂಗು ಸುರಿದಂತಿತ್ತು. ನಮ್ಮ ಖಾನಾಪುರದ ಕಾಪಾ ಹಲಸಿನ ಒಂದು ತೊಳೆಯ ಮುಂದೆ ಅದು ನಿಲ್ಲಲಾರದು.

ತಿಕೋಟಾ ದ್ರಾಕ್ಷಿಯವ:

ಮೂವರಿಗೂ ಶರಣು. ಕಮರಾಕ್ಷಿಯ ವಿಷಯ ಓದಿ ಗಾಬರಿಯಾಯಿತು. ಟ್ರಾವೆಲ್ಸಿನವರು ಕಳಿಸಿದ್ದ ಹೋಟೆಲಿನ ಉಪಾಹಾರದ ಚಿತ್ರದಲ್ಲಿ ಅದೇ ನಕ್ಷತ್ರದ ಹೋಳುಗಳಿವೆ. ತಂದೆಯವರಿಗೆ ಚಿತ್ರವನ್ನೇ ತೋರಿಸಿ ಹೇಳಿದ್ದೇನೆ. ಇನ್ನುಳಿದದ್ದು ಡೂರಿಯನ್. ಕಾಡಂಚಿನ ಅಣ್ಣಾವರು ಬೇಡವೆಂದಷ್ಟೂ ನನಗೆ ಕುತೂಹಲ ಹೆಚ್ಚುತ್ತಿದೆ. ಅಕ್ಕಾವರೇ, ನಿಮ್ಮ ಅಭಿಪ್ರಾಯವೇನು?

ಕೋಟೆಕೆರೆ:

ಅಣ್ಣಾವರೇ, ಕಾಡಂಚಿನವರು ತಿಂದ ಹಣ್ಣು ಮಾಗಿ ಮೀರಿದ್ದಿರಬೇಕು ಎಂಬುದು ನನ್ನ ಅನುಮಾನ. ಮಲೇಷ್ಯಾದಲ್ಲಿ ಮರದಿಂದ ತಾನಾಗಿ ಬಿದ್ದ ಹಣ್ಣನ್ನೇ ತಿನ್ನುತ್ತಾರೆ. ಅದು ಮೆತ್ತಗೆ, ತುಸು ಕಹಿಯಾಗಿ, ವಾಸನೆ ಜೋರಾಗಿರುತ್ತದೆ. ಥಾಯ್ ಜನರು ಬಲಿತ ಕಾಯನ್ನು ಮರದಿಂದಲೇ ಕೊಯ್ದು ಮಾಗಿಸುವುದರಿಂದ ಅಲ್ಲಿಯದು ಗಟ್ಟಿ ಮತ್ತು ಸೌಮ್ಯ. ಮೊದಲ ಸಲಕ್ಕೆ ಮೊಂತೋಂಗ್ ತಳಿ ಕೇಳಿ. ತೊಳೆ ದಪ್ಪ, ವಾಸನೆ ಕಡಿಮೆ. ಮಾರುವವರು ಕೈಗೆ ದಪ್ಪ ಗವಸು ಹಾಕಿಕೊಂಡು, ಕಟ್ಟಿಗೆಯ ತುಂಡಿನಿಂದ ಮುಳ್ಳಿನ ಮೇಲೆ ತಟ್ಟಿ ಕಿವಿಗೊಟ್ಟು ಕೇಳುತ್ತಾರೆ. ನಮ್ಮಲ್ಲಿ ಕಲ್ಲಂಗಡಿಯನ್ನು ಬೆರಳಿನಿಂದ ತಟ್ಟಿ ನೋಡುವುದಿಲ್ಲವೇ, ಅದೇ ವಿದ್ಯೆ. ನೀವು ‘ಕಿನ್ ವನ್ನೀ’ ಎಂದರೆ ‘ಇಂದೇ ತಿನ್ನುತ್ತೇವೆ’ ಎಂದರ್ಥ, ಅವರು ಅದಕ್ಕೆ ತಕ್ಕುದನ್ನು ಆರಿಸಿಕೊಡುತ್ತಾರೆ. ಇಡೀ ಹಣ್ಣು ಕೊಳ್ಳಬೇಡಿ; ತೂಕದಲ್ಲಿ ತಿನ್ನಲು ಸಿಗುವುದು ಸುಮಾರು ಮೂರನೆಯ ಒಂದು ಭಾಗ, ಉಳಿದದ್ದು ಮುಳ್ಳು, ಸಿಪ್ಪೆ ಮತ್ತು ಬೀಜ. ಬಿಡಿಸಿಟ್ಟ ಎರಡು ತೊಳೆಯ ತಟ್ಟೆ ನಾಲ್ವರಿಗೂ ರುಚಿ ನೋಡಲು ಸಾಕು.

ಬಾಯಿಗಿಟ್ಟಾಗ ಮೊದಲು ಮೂಗು ಹಿಂದೆ ಸರಿಯುತ್ತದೆ, ಅದು ನಿಜ. ಎರಡನೆಯ ತುತ್ತಿಗೆ ನನಗೆ ನೆನಪಾದದ್ದು ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಟ್ಟ ಮೊಸರಿನ ಚಕ್ಕೆಯಿಂದ ಮಾಡಿದ ಶ್ರೀಖಂಡ, ಅದೂ ಯಾರೋ ಉಳ್ಳಾಗಡ್ಡಿ ಹೆಚ್ಚಿದ ಚಾಕುವಿನಿಂದ ಕದಡಿದ್ದು. ಮೂರನೆಯ ಸಲ ತಿಂದ ಮೇಲೆ ಚಾಕುವಿನ ಮಾತು ಮರೆತುಹೋಯಿತು. ಮಾವು ಉಷ್ಣವೆಂದು ನಮ್ಮವರು ನೀರಿನಲ್ಲಿ ನೆನೆಹಾಕುವಂತೆ ಅವರು ಡೂರಿಯನ್ ಉಷ್ಣವೆಂದು ಅದರ ಮೇಲೆ ತಂಪಿಗೆ ಮ್ಯಾಂಗೋಸ್ಟೀನ್ ತಿನ್ನುತ್ತಾರೆ. ಎರಡರ ಸುಗ್ಗಿಯೂ ಒಂದೇ ಕಾಲಕ್ಕೆ ಬರುವುದರಿಂದ ಪಕ್ಕಪಕ್ಕದಲ್ಲೇ ಮಾರುತ್ತಾರೆ. ಹೋಟೆಲಿನ ಕೋಣೆಗೆ ಮಾತ್ರ ಒಯ್ಯಬೇಡಿ, ದಂಡ ಹಾಕುತ್ತಾರೆ. ಮಾರುಕಟ್ಟೆಯ ಮೇಜಿನಲ್ಲೇ ತಿಂದು, ಖಾಲಿಯಾದ ಸಿಪ್ಪೆಯ ಬಟ್ಟಲಿಗೆ ನೀರು ಹಾಕಿ ಅದರಲ್ಲೇ ಕೈ ತೊಳೆಯಿರಿ, ವಾಸನೆ ಹೋಗುತ್ತದೆಂದು ಅಲ್ಲಿಯವರ ನಂಬಿಕೆ. ನನ್ನ ಕೈಯ ಮಟ್ಟಿಗೆ ಅರ್ಧ ಹೋಗಿತ್ತು. ಮಗಳು ಬೇಡವೆಂದರೆ ಒತ್ತಾಯಿಸಬೇಡಿ, ಅವಳ ಹಣ್ಣು ಪಕ್ಕದ ಬುಟ್ಟಿಯಲ್ಲೇ ಇರುತ್ತದೆ.