ಸಹಾಯ ಬೇಕು: ಡಿ ಅಂಡ್ ಡಿ ಎರಡನೇ ಆವೃತ್ತಿಯ ಹಳೇ ರೂಲ್‌ಬುಕ್‌ಗಳು (ಮೈಸೂರು)

ನಮಸ್ಕಾರ. ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನೋ, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಪಾತ್ರವಾಗಿ ಆಡುವ ಆಟದ ಎರಡನೇ ಆವೃತ್ತಿಯ ಪುಸ್ತಕಗಳು ಯಾರ ಹತ್ತಿರವಾದರೂ ಇವೆಯಾ? 1989ರಲ್ಲಿ ಟಿಎಸ್‌ಆರ್ ಕಂಪನಿ ತಂದದ್ದು. 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಆ ಕಂಪನಿಯನ್ನೇ ಕೊಂಡುಕೊಂಡಿತು, 2000ದಲ್ಲಿ ಮೂರನೇ ಆವೃತ್ತಿ ಬಂತು, ಅಲ್ಲಿಗೆ ಇದರ ಕಥೆ ಮುಗಿಯಿತು.

ಬೇಕಿರುವುದು ಪ್ಲೇಯರ್ಸ್ ಹ್ಯಾಂಡ್‌ಬುಕ್, ಡಂಜನ್ ಮಾಸ್ಟರ್ ಗೈಡ್, ಮಾನ್‌ಸ್ಟ್ರಸ್ ಮ್ಯಾನುಯಲ್ (ಆಟದ ರಾಕ್ಷಸರ ವಿವರ ಇರುವುದು). ಕೊನೆಯದು 1993ರ ಗಟ್ಟಿ ರಟ್ಟಿನದೇ ಆಗಬೇಕು. ಅದಕ್ಕಿಂತ ಮೊದಲು ಬಿಡಿ ಹಾಳೆಗಳ ಬೈಂಡರ್ ಬರುತ್ತಿತ್ತಲ್ಲ, ಅದು ಬೇಡ, ತೂತು ಹರಿದು ಅರ್ಧ ರಾಕ್ಷಸರು ನಾಪತ್ತೆ ಆಗಿರುತ್ತಾರೆ. 2013ರಲ್ಲಿ ಮತ್ತೆ ಅಚ್ಚು ಹಾಕಿದ್ದರು, ಆ ಪ್ರತಿಗಳಾದರೂ ಸರಿ.

ದುಡ್ಡು ಕೊಟ್ಟರೆ ಪಿಡಿಎಫ್ ಸಿಗುತ್ತದೆ, ಗೊತ್ತು. ಆದರೆ ಭಾನುವಾರ ಸರಸ್ವತೀಪುರಂನಲ್ಲಿ ನಮ್ಮ ಗುಂಪು ಸೇರಿದಾಗ ಎಲ್ಲರೂ ಫೋನ್ ಹಿಡಿದು ಕೂತರೆ ಮುಗೀತು, ಒಬ್ಬರು ರೂಲ್ ಹುಡುಕುತ್ತಾರೆ, ಇನ್ನೊಬ್ಬರು ಕ್ರಿಕೆಟ್ ಸ್ಕೋರ್ ನೋಡುತ್ತಾರೆ. ಹೊಸ ಆವೃತ್ತಿ ಆಡಿ ಅಂತ ಮಾತ್ರ ಹೇಳಬೇಡಿ. ಥ್ಯಾಕೋ, ಅಂದರೆ ಎದುರಾಳಿಗೆ ಏಟು ತಾಗಲು ದಾಳದಲ್ಲಿ ಎಷ್ಟು ಬೀಳಬೇಕು ಅನ್ನೋ ಹಳೇ ಲೆಕ್ಕದ ಮಜಾನೇ ಬೇರೆ. ಆರ್ಮರ್ ಕ್ಲಾಸ್ (ಪಾತ್ರದ ರಕ್ಷಣೆಯ ಅಂಕಿ) ಕಡಿಮೆಯಾದಷ್ಟೂ ರಕ್ಷಣೆ ಜಾಸ್ತಿ ಅಂದರೆ ಹೊಸಬರು ಕಣ್ಣು ಬಿಡುತ್ತಾರೆ!

ಇಲ್ಲಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿದರೆ ಸಿಇಟಿ ಗೈಡ್ ತೆಗೆದುಕೊಡುತ್ತಾರೆ, ಪಾಪ. ವಿದೇಶದಿಂದ ತರಿಸೋಣ ಅಂದರೆ ಪುಸ್ತಕಕ್ಕಿಂತ ಅಂಚೆ ಖರ್ಚೇ ಜಾಸ್ತಿ. ಅಮೆರಿಕದಿಂದ ಬರುವ ನೆಂಟರು ಯಾರಾದರೂ ಸೂಟ್‌ಕೇಸಿನಲ್ಲಿ ಜಾಗ ಕೊಡುವುದಾದರೆ ಹೇಳಿ, ಖರ್ಚು ನನ್ನದು.

ರಟ್ಟು ಹರಿದಿದ್ದರೂ ಪರವಾಗಿಲ್ಲ, ಪುಟಗಳು ಪೂರ್ತಿ ಇರಲಿ. ಮಂಡ್ಯ, ಬೆಂಗಳೂರಾದರೆ ನಾನೇ ಬಂದು ತೆಗೆದುಕೊಳ್ಳುತ್ತೇನೆ. ಮಾರಲು ಮನಸ್ಸಿಲ್ಲದಿದ್ದರೆ ಸ್ವಲ್ಪ ದಿನ ಓದೋಕೆ ಕೊಟ್ಟರೂ ಸಾಕು. ಫೋಟೋ, ಬೆಲೆ ಮೆಸೇಜ್ ಮಾಡಿ.