ಅಪ್‌ಡೇಟ್: ಕಸ್ಟಮ್ ಬೇಸ್ ಗಿಟಾರ್ ಕೊನೆಗೂ ಕೈಗೆ ಬಂತು

35 ಸಾವಿರದೊಳಗೆ ಅಂಗಡಿಯ ಬೇಸ್ ತೆಗೆದುಕೊಳ್ಳಲಾ, ಬೆಂಗಳೂರಲ್ಲೇ ಯಾರ ಹತ್ತಿರವಾದರೂ ಮಾಡಿಸಲಾ ಅಂತ ಕೇಳಿದ್ದೆ. ಮಾಡಿಸಿಯೇಬಿಟ್ಟೆ. ಒಬ್ಬರೇ ನಡೆಸುವ ಚಿಕ್ಕ ವರ್ಕ್‌ಶಾಪ್, ಹಾಗಾಗಿ ಹೇಳಿದ ಟೈಮಿಗಿಂತ ಜಾಸ್ತಿ ಕಾಯಬೇಕಾಯಿತು.

ನನ್ನ ಕೈ ಚಿಕ್ಕದು. ಅಮೆರಿಕದ ಗಿಟಾರ್ ಕಂಪನಿ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗಿನಿಂದ 34 ಇಂಚಿನ ಸ್ಕೇಲೇ (ತಂತಿಯ ಮಿಡಿಯುವ ಭಾಗದ ಉದ್ದ) ರೂಢಿ. ನಾನು 30 ಇಂಚು ಕೇಳಿದೆ. ಮೊದಲ ಫ್ರೆಟ್‌ಗಳು (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳು) ಈಗ ಆರಾಮಾಗಿ ಎಟಕುತ್ತವೆ. ಆದರೆ ಸ್ಕೇಲ್ ಕಮ್ಮಿಯಾದರೆ ಅದೇ ಶ್ರುತಿಗೆ ತಂತಿಯ ಬಿಗಿಯೂ ಕಮ್ಮಿ. ತೆಳು ತಂತಿಗಳ ಸೆಟ್‌ನಲ್ಲಿ ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಜೋಲು ಬಿದ್ದ ಹಾಗಿತ್ತು. 105 ಗೇಜ್ (0.105 ಇಂಚು ದಪ್ಪ) ಹಾಕಿಸಿದ ಮೇಲೆ ಸರಿಹೋಯಿತು.

ಬಾಡಿ ಹಲಸಿನ ಮರದ್ದು. ವೀಣೆಗೆ ಬಳಸೋದೂ ಅದೇ ಅಲ್ವಾ, ನಾನೇ ಹಠ ಹಿಡಿದೆ. ಹಳದಿ ಮರಕ್ಕೆ ಎಣ್ಣೆ ಫಿನಿಶ್, ನೋಡೋಕೆ ಬಲು ಚೆಂದ. ಅದರಿಂದ ಸೌಂಡೇ ಬೇರೆ ಆಯಿತು ಅಂತ ಸುಮ್ನೆ ಹೇಳಲಾರೆ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ), ತಂತಿ, ಬೆರಳು ಇವುಗಳದ್ದೇ ಜಾಸ್ತಿ ಪಾಲು.

ಕಿರಿಕಿರಿ ಆಗಿದ್ದು ಆಂಪ್‌ನಲ್ಲಿ ಬರುತ್ತಿದ್ದ ಗುಂಯ್ ಸದ್ದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಿಂದ ತಾಮ್ರದ ಟೇಪ್ ತಂದು, ವೈರಿಂಗ್ ಇರುವ ಗೂಡಿನೊಳಗೆಲ್ಲ ಅಂಟಿಸಿ, ಗ್ರೌಂಡ್‌ಗೆ ಬೆಸುಗೆ ಹಾಕಿಸಿದೆ. ಈಗ ಬಹುಪಾಲು ಕಮ್ಮಿ. ಮಳೆಗಾಲದಲ್ಲಿ ನೆಕ್ ಸ್ವಲ್ಪ ಬಾಗಿತ್ತು, ವರ್ಕ್‌ಶಾಪ್‌ನವರೇ ಟ್ರಸ್ ರಾಡ್ (ನೆಕ್ ಒಳಗಿನ, ಬಾಗು ಸರಿಮಾಡುವ ಸರಳು) ಕಾಲು ಸುತ್ತು ತಿರುಗಿಸಿ ಕೊಟ್ಟರು. ದುಡ್ಡು ಕೇಳಲಿಲ್ಲ.

ಒಂದು ಮಾತು. ಬ್ರಾಂಡ್ ಹೆಸರಿಲ್ಲದ ಗಿಟಾರ್ ಮಾರಲು ಹೋದರೆ ಒಳ್ಳೆ ಬೆಲೆ ಸಿಗೋದು ಕಷ್ಟ. ಪದೇ ಪದೇ ಬದಲಾಯಿಸುವವರು ಅಂಗಡಿಯದ್ದೇ ತೆಗೆದುಕೊಳ್ಳಿ.